"ಪಾಠದಲ್ಲಿ ಇಲ್ಲ" ಅಂತ ತಪ್ಪು ಹಾಕೋರಿಗೆ

ನಿನ್ನೆ ಸಂಜೆಯಿಂದ ತಲೆ ಕೆಟ್ಟುಹೋಗಿದೆ. ಅಕ್ಕನ ಮಗಳ ನೋಟ್‌ಬುಕ್ ನೋಡ್ತಿದ್ದೆ, ಮೂರನೇ ಕ್ಲಾಸು. ಒಂದು ಪುಟ್ಟ ಗದ್ಯಭಾಗ. ಅಣ್ಣ ಸ್ಕೂಲಿಂದ ಬರ್ತಾನೆ, ತಂಗಿ ಬಾಗಿಲು ತೆಗೀತಾಳೆ, ಅವನು ಕೈಲಿದ್ದ ಮಾರ್ಕ್ಸ್ ಕಾರ್ಡನ್ನ ಬೆನ್ನ ಹಿಂದೆ ಮಾಡ್ಕೊಂಡು "ನಂಗೆ ಊಟ ಬೇಡ" ಅಂತ ಸೀದಾ ರೂಮಿಗೆ ಹೋಗ್ತಾನೆ. ಪ್ರಶ್ನೆ: ಅಣ್ಣ ಯಾಕೆ ಊಟ ಬೇಡ ಅಂದ? ಇವಳು ಬರೆದಿದ್ದು, "ಅವನಿಗೆ ಕಡಿಮೆ ಮಾರ್ಕ್ಸ್ ಬಂದಿದೆ, ಬೈತಾರೆ ಅಂತ ಭಯ". ಅದರ ಮೇಲೆ ಕೆಂಪು ಪೆನ್ನಲ್ಲಿ ಗೀಟು, ಪಕ್ಕದಲ್ಲಿ "ಪಾಠದಲ್ಲಿ ಇಲ್ಲ". ಕೆಳಗೆ ಸರಿ ಉತ್ತರ: "ಅಣ್ಣನಿಗೆ ಊಟ ಬೇಡವಾಗಿತ್ತು."

ಊಟ ಯಾಕೆ ಬೇಡ ಅಂದ್ರೆ, ಬೇಡವಾಗಿತ್ತು! ಇದು ಉತ್ತರಾನಾ? ಮಗು ಮುಖ ಸಣ್ಣ ಮಾಡ್ಕೊಂಡು "ಇನ್ಮೇಲೆ ಪಾಠದಲ್ಲಿ ಇರೋದೇ ಬರೀತೀನಿ" ಅಂದಾಗ ನಂಗೆ ನಿಜವಾಗ್ಲೂ ಕಣ್ಣಲ್ಲಿ ನೀರು ಬಂತು.

ಮಕ್ಕಳನ್ನ ಕೂರಿಸ್ಕೊಂಡು ಓದಿಸೋದು ನಂಗೆಷ್ಟು ಇಷ್ಟ ಅಂತ ನಿಮಗೆಲ್ಲ ಗೊತ್ತು, ಅದಕ್ಕೇ ಈ ಸಿಟ್ಟು. ಬರೆದವರು ಆ ಮಾರ್ಕ್ಸ್ ಕಾರ್ಡನ್ನ ಬೆನ್ನ ಹಿಂದೆ ಇಟ್ಟಿದ್ದೇ ಮಗು ಅದನ್ನ ನೋಡ್ಲಿ ಅಂತ. ಅದನ್ನ ನೋಡಿದ ಮಗುಗೆ ತಪ್ಪು ಹಾಕಿ, ಸಾಲು ಎತ್ತಿ ಬರೆಯೋ ಮಗುಗೆ ರೈಟ್ ಹಾಕಿದ್ರೆ ನಾವು ಕಲಿಸ್ತಿರೋದು ಓದೋದನ್ನಲ್ಲ, ನಕಲು ಮಾಡೋದನ್ನ. ಪ್ರಶ್ನೇಲಿರೋ ಪದ ಪಾಠದ ಯಾವ ಸಾಲಲ್ಲಿದೆ ಅಂತ ಹುಡುಕಿ ಆ ಸಾಲನ್ನ ಇಳಿಸೋದು, ಅಷ್ಟೇ. ಅರ್ಥ ಆಗದೇ ಇದ್ರೂ ಫುಲ್ ಮಾರ್ಕ್ಸ್ ಬರತ್ತೆ.

ಊಹಿಸಿ ಅರ್ಥ ಮಾಡ್ಕೊಳ್ಳೋದು ಜಾಣ ಮಕ್ಕಳಿಗೆ ಮಾತ್ರ ಇರೋ ಎಕ್ಸ್‌ಟ್ರಾ ಕೆಲಸ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಅಲ್ಲ ರೀ. "ಬಾಗಿಲು ತಟ್ಟಿದ. ಯಾರೂ ತೆಗೀಲಿಲ್ಲ. ಮೆಟ್ಟಿಲ ಮೇಲೆ ಕೂತ." ಕೂತಿದ್ದು ಯಾರು? ತಟ್ಟಿದವನೇ. ಯಾಕೆ ಕೂತ? ಮನೆಯವರು ಬರ್ಲಿ ಅಂತ. ಇದ್ಯಾವುದೂ ಅಲ್ಲಿ ಬರೆದಿಲ್ಲ, ಆದ್ರೂ ಓದೋರು ಪ್ರತಿ ಸಾಲಲ್ಲೂ ಇಂಥದ್ದನ್ನ ತಾವೇ ತುಂಬ್ಕೊಂಡು ಹೋಗ್ಬೇಕು, ಇಲ್ಲಾಂದ್ರೆ ಮೂರು ಬಿಡಿ ವಾಕ್ಯ ಉಳಿಯತ್ತೆ, ಕತೆ ಆಗಲ್ಲ. ನಾಲ್ಕನೇ ಕ್ಲಾಸಿನ ಮಕ್ಕಳ ಓದನ್ನ ಬೇರೆ ಬೇರೆ ದೇಶಗಳಲ್ಲಿ ಪರೀಕ್ಷೆ ಮಾಡೋ ಪಿರ್ಲ್ಸ್ ಅಂತ ಒಂದಿದೆ, 2001ರಿಂದ ಐದು ವರ್ಷಕ್ಕೊಂದ್ಸಲ ನಡೆಯತ್ತೆ. 2016ರದ್ದರ ಚೌಕಟ್ಟಲ್ಲಿ ನೇರವಾಗಿ ಹುಡುಕಿ ಬರೆಯೋದಕ್ಕೆ ಇಟ್ಟಿದ್ದು ಶೇ. 20 ಮಾತ್ರ. ಮಿಕ್ಕಿದ್ದೆಲ್ಲ ಊಹೆ, ಜೋಡಣೆ, ವಿಮರ್ಶೆ. ಅಕ್ಕನ ಮಗಳ ನೋಟ್‌ಬುಕ್ಕಲ್ಲಿ ಹುಡುಕಿ ಬರೆಯೋದು ಬಿಟ್ಟು ಬೇರೇನೂ ಇಲ್ಲ.

"ಮೊದ್ಲು ತಡವರಿಸದೆ ಓದೋಕೆ ಬರ್ಲಿ, ಇದೆಲ್ಲ ಆಮೇಲೆ" ಅಂತಾರೆ. ಒಪ್ಪಲ್ಲ. ಅಕ್ಷರ ಬಾರದ ಮಗು ಕೂಡ ಅಪ್ಪ ಬೈಕ್ ಕೀ ತಗೊಂಡ್ರೆ ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ನಿಂತಿರತ್ತೆ. ಊಹೆ ಅವಕ್ಕೆ ಆಗ್ಲೇ ಬರತ್ತೆ, ಕತೆ ಓದಿ ಹೇಳುವಾಗ ಬಾಯಲ್ಲೇ ಕೇಳ್ಬಹುದು, ಅದಕ್ಕೆ ಕಾಗುಣಿತ ಮುಗಿಯೋವರೆಗೆ ಕಾಯೋದು ಯಾಕೆ? ಇನ್ನೊಂದು ವಾದ, "ಹಂಗೆ ಬಿಟ್ರೆ ಬಾಯಿಗೆ ಬಂದಿದ್ದೆಲ್ಲ ಬರೀತಾವೆ". ಬರೀಲಿ! ಒಂದು ಮಗು "ಅಣ್ಣಂಗೆ ಹೊಟ್ಟೆನೋವು" ಅನ್ನತ್ತೆ ಅಂತಿಟ್ಕೊಳ್ಳಿ. ತಪ್ಪು ಅನ್ಬೇಡಿ, "ಯಾವ ಮಾತಿಂದ ಹಂಗನ್ಸ್ತು?" ಅಂತ ಕೇಳಿ. ಊಟ ಬೇಡ ಅಂದ್ನಲ್ಲ ಅನ್ನತ್ತೆ. ಸರಿ, ಹೊಟ್ಟೆನೋವಾದ್ರೆ ಕಾರ್ಡ್ ಯಾಕೆ ಬಚ್ಚಿಟ್ಟ? ಆಗ ಮಗು ತಾನಾಗೇ ವಾಪಸ್ ಹೋಗಿ ಆ ಸಾಲು ಓದತ್ತೆ ನೋಡಿ, ಪಾಠ ಆಗೋದು ಅಲ್ಲಿ.

ಮಾರ್ಕ್ಸ್ ಕಾರ್ಡ್ ಅಂದ್ರೆ ಏನು ಅಂತಲೇ ಗೊತ್ತಿಲ್ಲದ ಮಗುಗೆ ಈ ಊಹೆ ಸಾಧ್ಯಾನೇ ಇಲ್ಲ, ಅದೂ ನಿಜ. 1988ರಲ್ಲಿ ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ ಅನ್ನೋ ಸಂಶೋಧಕರು ಮಕ್ಕಳಿಗೆ ಬೇಸ್‌ಬಾಲ್ ಆಟದ ವಿವರಣೆ ಓದೋಕೆ ಕೊಟ್ರು. ಓದೋದ್ರಲ್ಲಿ ಹಿಂದಿದ್ರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಚೆನ್ನಾಗಿ ಓದ್ತಿದ್ರೂ ಆಟ ಗೊತ್ತಿಲ್ಲದ ಮಕ್ಕಳನ್ನ ಹಿಂದೆ ಹಾಕಿದ್ರು. ಅದಕ್ಕೇ ಊಹೆಗೇ ಅಂತ ವರ್ಕ್‌ಶೀಟ್ ಮೇಲೆ ವರ್ಕ್‌ಶೀಟ್ ಕೊಟ್ರೆ ಸಾಲಲ್ಲ, ಪಾಠ ಶುರು ಮಾಡೋಕೆ ಮುಂಚೆ ಎರಡು ನಿಮಿಷ ವಿಷಯ ಮಾತಾಡಿ. ಆಮೇಲೆ ಪ್ರಶ್ನೆ ಕೇಳಿ ಸುಮ್ನಿರಿ. ಮಗು ಯೋಚ್ನೆ ಮಾಡ್ತಿರುವಾಗ ಉತ್ತರ ನೀವೇ ಹೇಳ್ಬಿಡ್ಬೇಡಿ, ದಯವಿಟ್ಟು.

ನನ್ನ ಲಿಸ್ಟಲ್ಲಿ ಟೀಚರ್‌ಗಳು ತುಂಬಾ ಜನ ಇದೀರಿ. ಒಂದು ಗದ್ಯಭಾಗಕ್ಕೆ ಐದು ಪ್ರಶ್ನೆ ಇದ್ರೆ ಎರಡಾದ್ರೂ ಸಾಲು ಎತ್ತಿ ಬರೆಯೋಕೆ ಆಗದೇ ಇರೋ ಥರ ಇರ್ಲಿ, ಅದರ ಪಕ್ಕ "ಹೇಗೆ ಗೊತ್ತಾಯ್ತು?" ಅಂತ ಬರೆಯೋಕೆ ಜಾಗ ಬಿಡಿ. ಟೈಮಿಲ್ಲ ಅಂದ್ರೆ ಪಾಠದ ಫೋಟೋ ಕಳ್ಸಿ, ಪ್ರಶ್ನೆ ನಾನೇ ಮಾಡ್ಕೊಡ್ತೀನಿ.