ದುಡ್ಡು ಮುಖ್ಯ ಅಲ್ಲವಂತೆ!

ನಿನ್ನೆ ನಾನು ಓದಿದ ಕಾಲೇಜಿಗೆ ಹೋಗಿದ್ದೆ. ವರ್ಷಕ್ಕೊಮ್ಮೆ ಹಳೆ ವಿದ್ಯಾರ್ಥಿಗಳನ್ನು ಕರೆಸಿ, ಕೊನೆ ವರ್ಷದ ಮಕ್ಕಳ ಎದುರು ಮಾತಾಡಿಸುತ್ತಾರೆ. ನನ್ನನ್ನು ಮಾತಾಡೋಕೆ ಕರೆದಿರಲಿಲ್ಲ, ಕೂರೋಕೆ ಕರೆದಿದ್ದರು. ಒಳ್ಳೆಯದೇ ಆಯ್ತು. ಮೈಕ್ ಕೈಗೆ ಸಿಕ್ಕಿದ್ದರೆ ಅಲ್ಲೇ ಜಗಳ ಆಗುತ್ತಿತ್ತು. ನನ್ನ ಬಾಯಿ ಎಂಥದ್ದು ಅಂತ ನಿಮಗೆ ಗೊತ್ತಲ್ಲ.

ಮುಖ್ಯ ಅತಿಥಿ ನನಗಿಂತ ನಾಲ್ಕೈದು ವರ್ಷ ಸೀನಿಯರ್. ಹೆಸರು ಬೇಡ. ಒಂದು ಕಂಪನಿ ಕಟ್ಟಿ, ಮಾರಿ, ಈಗ ಇನ್ನೊಂದು ಕಟ್ಟುತ್ತಿದ್ದಾರೆ. ಕಷ್ಟಪಟ್ಟು ದುಡಿದಿದ್ದಾರೆ, ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಭಾಷಣದ ಬಗ್ಗೆ. 40 ನಿಮಿಷ ಒಂದೇ ಮಾತು. ದುಡ್ಡಿನ ಹಿಂದೆ ಓಡಬೇಡಿ. ದುಡ್ಡು ಮುಖ್ಯ ಅಲ್ಲ. ನಾನು ಎಲ್ಲ ನೋಡಿದ್ದೇನೆ, ಅಲ್ಲಿ ಏನೂ ಇಲ್ಲ. ಮಧ್ಯೆ ಎರಡು ಸಲ ಫೋನ್ ನೋಡಿಕೊಂಡರು. ಏನೂ ಇಲ್ಲದ ಕಡೆಯಿಂದಲೇ ಯಾರೋ ಕರೆ ಮಾಡುತ್ತಿದ್ದರು ಅಂತ ಕಾಣುತ್ತೆ.

ಕೊನೆಗೆ ಪ್ರಶ್ನೆ ಕೇಳಿ ಅಂದರು. ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದಳು. 'ಸರ್, ನನಗೆ ಮುಂದೆ ಓದಬೇಕು ಅಂತಿದೆ. ಮನೆಯಲ್ಲಿ ಸಾಲ ಇದೆ. ಒಂದು ಕೆಲಸ ಸಿಕ್ಕಿದೆ, ನನಗೆ ಅಷ್ಟು ಇಷ್ಟ ಇಲ್ಲ. ಏನು ಮಾಡಲಿ?' ಎಷ್ಟು ನೇರವಾಗಿ ಕೇಳಿದಳು ನೋಡಿ. ಇಡೀ ಹಾಲಿನಲ್ಲಿ ಅದೊಂದೇ ನಿಜವಾದ ಮಾತು.

ಇವರು ನಕ್ಕರು. 'ನಿನ್ನ ಮನಸ್ಸು ಹೇಳಿದ ಹಾಗೆ ಕೇಳಮ್ಮ. ದುಡ್ಡು ತಾನಾಗೇ ಹಿಂದೆ ಬರುತ್ತೆ.'

ಚಪ್ಪಾಳೆ. ಹುಡುಗಿ ಮೈಕನ್ನು ಯಾರಿಗೆ ವಾಪಸ್ ಕೊಡಬೇಕು ಅಂತ ಗೊತ್ತಾಗದೆ ಕೈಯಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಕೂತು, ತೆರೆದಿಟ್ಟಿದ್ದ ಪೆನ್ನಿಗೆ ಕ್ಯಾಪ್ ಹಾಕಿದಳು. ಏನೂ ಬರೆದುಕೊಳ್ಳಲಿಲ್ಲ.

ರಾತ್ರಿಯಿಡೀ ಆ ಕ್ಯಾಪ್ ಹಾಕಿದ್ದೇ ಕಣ್ಣ ಮುಂದೆ. ಅದಕ್ಕೇ ಈ ಉದ್ದದ ಪುರಾಣ. ಬೇಡದವರು ಇಲ್ಲೇ ಬಿಡಬಹುದು.

ದುಡ್ಡಿನಿಂದ ಸುಖ ಸಿಗಲ್ಲ ಅಂತ ದುಡ್ಡಿಲ್ಲದವರು ಹೇಳಿದ್ದನ್ನು ನಾನು ಕೇಳಿಲ್ಲ. ನನ್ನ ಅಮ್ಮ ಒಂದು ದಿನವೂ ಹೇಳಿಲ್ಲ. ತಿಂಗಳ ಕೊನೆಯ ವಾರ ಬಂದರೆ ಅವಳ ದನಿಯೇ ಬೇರೆ ಆಗುತ್ತಿತ್ತು. ಸಣ್ಣ ಮಾತಿಗೂ ಸಿಡುಕುತ್ತಿದ್ದಳು. ಸಂಬಳ ಬಂದ ದಿನ ಅದೇ ಅಮ್ಮ ಹಾಡು ಗುನುಗುತ್ತಿದ್ದಳು. ಅಮ್ಮನ ಸ್ವಭಾವವೇ ಹಾಗೆ ಅಂದುಕೊಂಡಿದ್ದೆ. ಸ್ವಭಾವ ಅಲ್ಲ, ಕ್ಯಾಲೆಂಡರ್ ಅಂತ ಗೊತ್ತಾಗಿದ್ದು ನಾನು ದುಡಿಯೋಕೆ ಶುರು ಮಾಡಿದ ಮೇಲೆ.

ಇಂಥ ಭಾಷಣ ಮಾಡುವವರು ಒಂದು ಸಂಶೋಧನೆಯನ್ನೂ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ನಿನ್ನೆಯೂ ಬಂತು. ವರ್ಷಕ್ಕೆ 75,000 ಡಾಲರ್ ದಾಟಿದ ಮೇಲೆ ಖುಷಿ ಜಾಸ್ತಿ ಆಗಲ್ಲವಂತೆ. 2010ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಅಮೆರಿಕದವರ ಬಗ್ಗೆ ಬರೆದ ಲೇಖನ ಅದು. ಅದರಲ್ಲಿ ಎರಡು ಮಾತಿತ್ತು. ದಿನದ ನಗು, ಬೇಸರ ಅಷ್ಟಕ್ಕೆ ನಿಲ್ಲುತ್ತದೆ ಅನ್ನುವುದು ಒಂದು. 'ನನ್ನ ಬದುಕು ಹೇಗಿದೆ' ಅಂತ ಜನ ತಾವೇ ಕೊಟ್ಟುಕೊಳ್ಳುವ ಅಂಕ ಸಂಬಳದ ಜೊತೆ ಏರುತ್ತಲೇ ಹೋಗುತ್ತದೆ ಅನ್ನುವುದು ಇನ್ನೊಂದು. ಎರಡನೆಯದು ಯಾವ ವೇದಿಕೆಗೂ ಬರುವುದಿಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಅನ್ನುವವರು ಜನರ ಫೋನಿಗೆ ಆಗಾಗ ಸಂದೇಶ ಕಳಿಸಿ, ಆ ಕ್ಷಣ ಹೇಗಿದ್ದೀರಿ ಅಂತ ಕೇಳಿ ಲೆಕ್ಕ ಹಾಕಿದರು. ದಿನದ ಖುಷಿಯೂ ನಿಲ್ಲದೆ ಏರುತ್ತಿತ್ತು. ಆಗ ಕಾನೆಮನ್ ಏನು ಮಾಡಿದರು ಗೊತ್ತಾ? ಜಗಳಕ್ಕೆ ನಿಲ್ಲಲಿಲ್ಲ. ಅದೇ ಕಿಲ್ಲಿಂಗ್ಸ್‌ವರ್ತ್ ಜೊತೆ ಕೂತು ಅಂಕಿಗಳನ್ನು ಮತ್ತೆ ನೋಡಿದರು. 2023ರಲ್ಲಿ ಇಬ್ಬರೂ ಇನ್ನೊಬ್ಬ ಸಂಶೋಧಕಿಯ ಜೊತೆ ಸೇರಿ ಬರೆದರು: ಹೆಚ್ಚಿನವರಿಗೆ ಏರುತ್ತಲೇ ಹೋಗುತ್ತದೆ. ನಿಲ್ಲುವುದು ಎಲ್ಲರಿಗಿಂತ ಕಡಿಮೆ ಖುಷಿಯಲ್ಲಿರುವ ಸುಮಾರು 20 ಶೇಕಡಾ ಜನಕ್ಕೆ, ಅದೂ ವರ್ಷಕ್ಕೆ 1,00,000 ಡಾಲರ್ ಹತ್ತಿರ ಹೋದ ಮೇಲೆ. ನೊಬೆಲ್ ಬಂದ ಮನುಷ್ಯ ತನ್ನ ಮಾತನ್ನು ತಿದ್ದಿಕೊಂಡರು. ನಮ್ಮ ಭಾಷಣಕಾರರು ಇನ್ನೂ 2010ರಲ್ಲೇ ಇದ್ದಾರೆ.

ಒಂದು ಮಾತು ಒಪ್ಪುತ್ತೇನೆ. ಆ ಏರಿಕೆ ಹೋಗುವುದು ಪಟ್ಟು ಲೆಕ್ಕದಲ್ಲಿ. ಸಂಬಳ ದುಪ್ಪಟ್ಟಾದರೆ ಒಂದು ಮೆಟ್ಟಿಲು. ಇನ್ನೊಂದು ಮೆಟ್ಟಿಲು ಬೇಕಾದರೆ ಮತ್ತೆ ದುಪ್ಪಟ್ಟಾಗಬೇಕು. ಕಡಿಮೆ ಇದ್ದವರಿಗೆ ಸ್ವಲ್ಪವೇ ಬಹಳ. ಬಹಳ ಇದ್ದವರಿಗೆ ಎಷ್ಟು ಬಂದರೂ ಗೊತ್ತೇ ಆಗಲ್ಲ. ಹಾಗಾಗಿ ನಮ್ಮ ಸೀನಿಯರ್ 'ಅಲ್ಲಿ ಏನೂ ಇಲ್ಲ' ಅಂದದ್ದು ಅವರ ಮಟ್ಟಿಗೆ ನಿಜವೇ ಇರಬಹುದು. ಅವರ ಮೆಟ್ಟಿಲಿನ ಸುದ್ದಿಯನ್ನು ಆ ಹುಡುಗಿಯ ಮೆಟ್ಟಿಲಿಗೆ ಯಾಕೆ ಹೇಳಬೇಕು?

ಇನ್ನೊಂದು ಸುಳ್ಳು ಇದೆ. ನನಗೆ ಮೈ ಉರಿಯುವುದು ಇದಕ್ಕೇ ಜಾಸ್ತಿ. ಸಾಹೇಬರಿಗೆ ಬಿಪಿ, ಪ್ಯೂನ್‌ಗೆ ಸುಖನಿದ್ದೆ ಅನ್ನುವ ಕಥೆ. 1967ರಲ್ಲಿ ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ ದೊಡ್ಡ ಅಧ್ಯಯನ ಶುರುವಾಯಿತು. ವೈಟ್‌ಹಾಲ್ ಅಧ್ಯಯನ ಅನ್ನುತ್ತಾರೆ. 17,000ಕ್ಕೂ ಹೆಚ್ಚು ಗಂಡಸರು. ಎಲ್ಲರೂ ಕಚೇರಿ ನೌಕರಿಯವರೇ, ಯಾರೂ ಹೊಟ್ಟೆಗಿಲ್ಲದವರಲ್ಲ. ಕೊನೆಗೆ ನೋಡಿದರೆ ಕೆಳಗಿನ ದರ್ಜೆಯ ನೌಕರರು ಮೇಲಿನ ಅಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಸತ್ತಿದ್ದರು. ಸಿಗರೇಟು, ಬಿಪಿ ಎಲ್ಲ ಲೆಕ್ಕಕ್ಕೆ ಹಿಡಿದರೂ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದಿರುವುದೂ ಒಂದು ಕಾರಣ ಅಂತ ಆಮೇಲಿನ ಅಧ್ಯಯನದಲ್ಲಿ ಕಂಡಿತು. ಯಾವಾಗ ಏಳಬೇಕು, ಯಾವಾಗ ಕೂರಬೇಕು ಅಂತ ಇನ್ನೊಬ್ಬರು ಹೇಳುತ್ತಿದ್ದರೆ ಮೈ ಒಳಗಿಂದಲೇ ಸವೆಯುತ್ತದೆ. ಬಡವ ನೆಮ್ಮದಿಯಾಗಿ ಮಲಗುತ್ತಾನೆ ಅನ್ನುವುದು ಹಂಸತೂಲಿಕೆಯಲ್ಲಿ ಮಲಗಿದವರು ಕಟ್ಟಿದ ಕಥೆ.

ಈಗ ಒಬ್ಬರಾದರೂ ಕಾಮೆಂಟಿಗೆ ಬರುತ್ತೀರಿ. ಹಾರ್ವರ್ಡ್ ಅಧ್ಯಯನ ನೋಡಿಲ್ವಾ, ಒಳ್ಳೆ ಬದುಕಿಗೆ ಬೇಕಾಗಿರುವುದು ಸಂಬಂಧ, ದುಡ್ಡಲ್ಲ ಅಂತ. ನೋಡಿದ್ದೇನೆ ಮಾರಾಯರೇ. 1938ರಲ್ಲಿ ಶುರುವಾಗಿದ್ದು ಅದು. 50ನೇ ವಯಸ್ಸಿನಲ್ಲಿ ಮನೆಯವರು, ಸ್ನೇಹಿತರ ಜೊತೆ ಚೆನ್ನಾಗಿದ್ದವರೇ 80ರಲ್ಲೂ ಗಟ್ಟಿಯಾಗಿದ್ದರು. ನಿಜ. ಆದರೆ ಅದರಲ್ಲಿ ಎರಡು ಗುಂಪಿತ್ತು. 268 ಜನ ಹಾರ್ವರ್ಡ್ ಹುಡುಗರು. 456 ಜನ ಬಾಸ್ಟನ್ನಿನ ಬಡ ಕೇರಿಗಳ ಹುಡುಗರು. ಬಡ ಕೇರಿಯವರ ದೇಹ 70ಕ್ಕೇ ಹಾರ್ವರ್ಡ್‌ನವರ 80ರ ಹಾಗೆ ಸೋತಿತ್ತು. ಹತ್ತು ವರ್ಷ! ಅವರಲ್ಲೇ ಹೇಗೋ ಕಾಲೇಜು ಮುಗಿಸಿದವರಿಗೆ ಮಾತ್ರ ಆ ವ್ಯತ್ಯಾಸ ಇರಲಿಲ್ಲ. ಇದನ್ನು ಯಾರೂ ಫಾರ್ವರ್ಡ್ ಮಾಡಲ್ಲ. ಸೂರ್ಯೋದಯದ ಫೋಟೋ ಮೇಲೆ ಚೆನ್ನಾಗಿ ಕಾಣಲ್ಲ ಅನ್ನಿಸುತ್ತೆ.

ಮತ್ತೆ, ಖುಷಿ ನೋಡಿಕೋ, ಸಂಬಳ ನೋಡಬೇಡ ಅಂತ ಹುಡುಗರಿಗಿಂತ ಹುಡುಗಿಯರಿಗೇ ಜಾಸ್ತಿ ಹೇಳುತ್ತಾರೆ. ಗಮನಿಸಿದ್ದೀರಾ? ನನಗೂ ಹೇಳಿದ್ದರು. ನಾನು ಕೇಳಲಿಲ್ಲ. ತಮ್ಮನಿಗಿಂತ ಜಾಸ್ತಿ ದುಡಿದೆ. ಅದಕ್ಕೆ ಇವತ್ತಿಗೂ ಬೇಸರವಿಲ್ಲ.

ಹಾಗಾದರೆ ದುಡ್ಡೇ ದೊಡ್ಡಪ್ಪನಾ ಅಂತ ಕೇಳಿದರೆ... ಇಲ್ಲಿಯವರೆಗೆ ಜೋರಾಗಿ ಬರೆದುಕೊಂಡು ಬಂದೆ. ಇಲ್ಲಿಂದ ಮುಂದೆ ಸ್ವಲ್ಪ ಕಷ್ಟ.

ಅಪ್ಪ ಹಾಸಿಗೆ ಹಿಡಿದಾಗ ನಾನು ಎರಡು ತಿಂಗಳು ರಜೆ ಹಾಕಿದೆ. ಹಾಕಬಲ್ಲ ಸ್ಥಿತಿಯಲ್ಲಿದ್ದೆ. ತಮ್ಮ ಮೂರೇ ದಿನಕ್ಕೆ ವಾಪಸ್ ಹೋಗಬೇಕಾಯಿತು. ಅವನ ಕೆಲಸದಲ್ಲಿ ಒಂದು ದಿನ ಬರದಿದ್ದರೆ ಒಂದು ದಿನದ ಸಂಬಳ ಇಲ್ಲ. ಹೊರಡುವಾಗ ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳೋಕೆ ಅವನಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ನನಗೆ ನೆನಪಿದೆ. ಅಪ್ಪನ ಪಕ್ಕದ ಕುರ್ಚಿ ನನ್ನ ದುಡ್ಡು ಕೊಂಡ ಕುರ್ಚಿ. ಇದನ್ನು ಯಾವ ಭಾಷಣಕಾರನ ಮುಂದೆ ಬೇಕಾದರೂ ಹೇಳುತ್ತೇನೆ.

ಆ ಕುರ್ಚಿಯಲ್ಲಿ ಕೂತು ನಾನು ಮಾಡಿದ್ದೇನು ಅನ್ನುವುದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಅಪ್ಪನ ಕೋಣೆಯಲ್ಲಿ ಇದ್ದಿದ್ದು ಒಂದೇ ಪ್ಲಗ್ಗು. ಅದರಲ್ಲಿ ಟೇಬಲ್ ಫ್ಯಾನ್. ಇಂಟರ್ನೆಟ್ ಸರಿಯಾಗಿ ಸಿಗುತ್ತಿದ್ದದ್ದೂ ಅದೇ ಕೋಣೆಯಲ್ಲಿ. ಲ್ಯಾಪ್‌ಟಾಪ್ ಬ್ಯಾಟರಿ ಇಳಿದಾಗಲೆಲ್ಲ ಫ್ಯಾನ್ ಕಿತ್ತು ಚಾರ್ಜರ್ ಹಾಕುತ್ತಿದ್ದೆ. 'ಹತ್ತೇ ನಿಮಿಷ ಅಪ್ಪ' ಅನ್ನುತ್ತಿದ್ದೆ. ಹತ್ತು ನಿಮಿಷದ ಮೀಟಿಂಗು ಯಾವಾಗ ಹತ್ತು ನಿಮಿಷಕ್ಕೆ ಮುಗಿದಿದೆ? ಅಪ್ಪ ಏನೂ ಅನ್ನುತ್ತಿರಲಿಲ್ಲ. ದಿಂಬಿನ ಪಕ್ಕ ಇದ್ದ ಎಕ್ಸ್‌ರೇ ಕವರ್ ತಗೊಂಡು ಮೆಲ್ಲಗೆ ಗಾಳಿ ಬೀಸಿಕೊಳ್ಳುತ್ತಿದ್ದರು. ಒಳಗಿನ ಫಿಲ್ಮ್ ಪರಪರ ಸದ್ದು ಮಾಡುತ್ತಿತ್ತು. ಆ ಸದ್ದು ಮೀಟಿಂಗಿನಲ್ಲಿ ಕೇಳಬಾರದು ಅಂತ ನಾನು ಮ್ಯೂಟ್ ಒತ್ತುತ್ತಿದ್ದೆ.

ಆಫೀಸಿನವರು ಕೆಲಸ ಮಾಡು ಅಂದಿರಲಿಲ್ಲ. ನಿಜವಾದ ರಜೆ ಕೊಟ್ಟಿದ್ದರು. ಪ್ರಮೋಷನ್ ಪಟ್ಟಿ ತಯಾರಾಗುವ ತಿಂಗಳು ಅದು. ನಾನು ಕಾಣದೆ ಹೋದರೆ ಹೆಸರೂ ಕಾಣದೆ ಹೋಗಬಹುದು ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಇನ್ನೊಂದು ಪ್ಲಗ್ ಬೋರ್ಡು ಕೊಂಡು ತಂದಿದ್ದರೂ ಆಗುತ್ತಿತ್ತು. ಎರಡು ತಿಂಗಳಲ್ಲಿ ಒಂದು ದಿನವೂ ಅದು ತಲೆಗೆ ಬರಲಿಲ್ಲ. ಅಷ್ಟು ಬಿಜಿ ನಾನು.

ಪ್ರಮೋಷನ್ ಬಂತು. ಅಪ್ಪ ಹೋಗಿ ಆರು ವಾರಕ್ಕೆ. ಖುಷಿ ಆಯ್ತಾ? ಸುಳ್ಳು ಯಾಕೆ ಹೇಳಲಿ, ಆಯ್ತು. ತುಂಬಾನೇ ಆಯ್ತು. ಕಾರಿನಲ್ಲಿ ಒಬ್ಬಳೇ ಕೂತು ಪತ್ರವನ್ನು ಮೂರು ಸಲ ಓದಿದೆ. ಆ ಖುಷಿ ಎಷ್ಟು ದಿನ ಇತ್ತು ಅಂತ ಮಾತ್ರ ಕೇಳಬೇಡಿ.

ಆಮೇಲೆ ನಾನು ಕೆಲಸ ಬಿಟ್ಟಿದ್ದು ನಿಮಗೆಲ್ಲ ಗೊತ್ತಿರುವ ಕಥೆ. ಎಂಥ ತ್ಯಾಗ ಅಂತ ಕೆಲವರು ಇಲ್ಲೇ ಬರೆದಿದ್ದಿರಿ. ತ್ಯಾಗವೂ ಇಲ್ಲ, ಮಣ್ಣೂ ಇಲ್ಲ. ಬ್ಯಾಂಕಿನಲ್ಲಿ ಉಳಿತಾಯ ಇತ್ತು, ಬಿಟ್ಟೆ. ಇಲ್ಲದಿದ್ದರೆ ಇವತ್ತೂ ಯಾವುದೋ ಮೀಟಿಂಗಿನಲ್ಲಿ ಮ್ಯೂಟ್ ಒತ್ತಿಕೊಂಡು ಕೂತಿರುತ್ತಿದ್ದೆ. ನೆಮ್ಮದಿಗಾಗಿ ದುಡ್ಡು ಬಿಟ್ಟೆ ಅಂತ ನಾನು ಯಾವ ಹುಡುಗಿಯ ಮುಂದೆಯೂ ಹೇಳುವುದಿಲ್ಲ. ದುಡ್ಡಿನ ಮೇಲೆ ನಿಂತುಕೊಂಡೇ ಬಿಟ್ಟೆ.

ನಿನ್ನೆ ಕಾರ್ಯಕ್ರಮ ಮುಗಿದ ಮೇಲೆ ಆ ಹುಡುಗಿ ಗೇಟಿನ ಹತ್ತಿರ ಸಿಕ್ಕಳು. ನಾನೇ ಮಾತಾಡಿಸಿದೆ. ಯಾವ ಕೆಲಸ, ಎಲ್ಲಿ ಅಂತ ಕೇಳಿದೆ. ನನಗೆ ಪರಿಚಯ ಇರುವ ಕ್ಷೇತ್ರವೇ.

'ಮೇಡಂ, ಎರಡು ವರ್ಷ ಆದ ಮೇಲೆ ಅಲ್ಲಿ ಎಷ್ಟು ಸಂಬಳ ಆಗುತ್ತೆ, ಗೊತ್ತಾ?'

ಗೊತ್ತಿತ್ತು, ಹೇಳಿದೆ. ಅವಳು ಬ್ಯಾಗಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡಳು. ಅಲ್ಲೇ ನಿಂತು ಏನೋ ಭಾಗಾಕಾರ ಮಾಡಿದಳು. ಸಾಲದ ಲೆಕ್ಕ ಇರಬೇಕು. ಮುಖ ಸ್ವಲ್ಪ ಸಡಿಲವಾಯಿತು.

ಸಂಜೆ ಎಷ್ಟು ಹೊತ್ತಿಗೆ ಬಿಡುತ್ತಾರೆ ಅಂತ ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.