ಸ್ಪಿನ್-ಆಫ್ ಬರಲಿ, ಆದರೆ ಕಥೆ ಬಚ್ಚಿಡಬೇಡಿ

ವಿಕ್ಟರ್ ವ್ಯಾನ್ಸ್ ಯಾರು ಅಂತ ಕೇಳಿದರೆ ಕಾರವಾರದಲ್ಲಿ ನನ್ನ ಓರಗೆಯ ಹೆಚ್ಚಿನವರಿಗೆ ನೆನಪಾಗಲಿಕ್ಕಿಲ್ಲ. ಆದರೆ ಅವನು ಸಾಯುವುದನ್ನು ನಾವೆಲ್ಲ ನೋಡಿದ್ದೇವೆ. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಜಿಟಿಎ ವೈಸ್ ಸಿಟಿ ವಿಡಿಯೋ ಗೇಮ್ ಆಡಿದವರು ಅದರ ಶುರುವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ರಾತ್ರಿ ಹೊತ್ತು, ಬಂದರು, ಹೆಲಿಕಾಪ್ಟರ್ ಇಳಿಯುತ್ತದೆ. ಮಾಲು ಕೊಡಲು ಒಬ್ಬ ಇಳಿದು ಬರುತ್ತಾನೆ. ನಾಲ್ಕು ಮಾತು ಆಡುವಷ್ಟರಲ್ಲಿ ಗುಂಡು ಹಾರುತ್ತದೆ, ಅವನು ಬೀಳುತ್ತಾನೆ, ನಾವು ಆಡಿಸುವ ನಾಯಕ ಟಾಮಿ ಕಾರು ಹತ್ತಿ ಪಾರಾಗುತ್ತಾನೆ. ಗಂಟೆ ಮುಗಿದು ಹೋಗುತ್ತದಲ್ಲ ಅಂತ ನಾವು ಆ ದೃಶ್ಯವನ್ನು ನೋಡುವ ಗೋಜಿಗೂ ಹೋಗುತ್ತಿರಲಿಲ್ಲ.

ಹಾಗೆ ಬಿದ್ದವನೇ ವಿಕ್ಟರ್. 2006ರಲ್ಲಿ ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ ಯಂತ್ರಕ್ಕೆ ವೈಸ್ ಸಿಟಿ ಸ್ಟೋರೀಸ್ ಬಂತು, ಮೂಲ ಆಟದ ಕವಲಾಗಿ, ಅಂದರೆ ಸ್ಪಿನ್-ಆಫ್ ಆಗಿ. ಅದರ ನಾಯಕ ಇವನು. ಕಥೆ ನಡೆಯುವುದು 1984ರಲ್ಲಿ, ಅಂದರೆ ವೈಸ್ ಸಿಟಿಗೆ ಎರಡು ವರ್ಷ ಮೊದಲು. ಮನೆಯಲ್ಲಿ ಕಾಯಿಲೆಯ ತಮ್ಮನಿದ್ದಾನೆ, ದುಡ್ಡು ಬೇಕು, ಅದಕ್ಕೇ ಸೈನ್ಯ ಸೇರಿದವನು. ಈ ದಂಧೆ ಬೇಡ ಬೇಡ ಅನ್ನುತ್ತಲೇ ಅದರಲ್ಲಿ ಮುಳುಗುತ್ತಾನೆ. ಅದನ್ನು ಆಡಿದ ಮೇಲೆ ವೈಸ್ ಸಿಟಿಯ ಆ ಮೊದಲ ದೃಶ್ಯವನ್ನು ನನಗೆ ಮೊದಲಿನ ಹಾಗೆ ನೋಡಲು ಆಗಿಲ್ಲ. ಮೂಲ ಆಟದಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ, ಆದರೂ ಅದರ ತೂಕ ಹೆಚ್ಚಾಗಿದೆ. ಸ್ಪಿನ್-ಆಫ್ ಅಂದರೆ ನನ್ನ ಪ್ರಕಾರ ಇದು.

ಇದನ್ನೆಲ್ಲ ಬರೆಯಲು ಕಾರಣ ಶಿರಸಿಯಲ್ಲಿರುವ ನನ್ನ ಅಕ್ಕನ ಮಗ. "ಮಾವ, ಈ ಸ್ಪಿನ್-ಆಫ್ ಎಲ್ಲ ದುಡ್ಡು ಮಾಡೋ ದಾರಿ ಅಷ್ಟೇ. ನಾವು ಮೇನ್ ಆಟಕ್ಕೆ ಕಾಯ್ತಾ ಇರ್ತೇವೆ, ಅವರು ಎಂತದೋ ಒಂದು ಕೈಗೆ ಕೊಟ್ಟು ಕೂರಿಸ್ತಾರೆ" ಅಂದ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಜಿಟಿಎ ಐದು ಬಂದದ್ದು 2013ರಲ್ಲಿ, ಆಗ ಅವನಿನ್ನೂ ಅಂಗನವಾಡಿಯಲ್ಲಿದ್ದ, ಮುಂದಿನದಕ್ಕೆ ಕಾಯುತ್ತಲೇ ದೊಡ್ಡವನಾದ. ಆದರೆ ಎಲ್ಲ ಸ್ಪಿನ್-ಆಫ್‌ಗಳನ್ನೂ ಒಂದೇ ಬುಟ್ಟಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ.

ನಮ್ಮ ಜಿಲ್ಲೆಯವರಿಗಂತೂ ಇದು ಹೊಸದೇನಲ್ಲ. ಇಡೀ ಮಹಾಭಾರತವನ್ನು ಯಾವ ಯಕ್ಷಗಾನ ಮೇಳವೂ ಒಂದು ರಾತ್ರಿಯಲ್ಲಿ ಆಡುವುದಿಲ್ಲ. ಒಂದು ಪ್ರಸಂಗ ಹಿಡಿಯುತ್ತಾರೆ. ಕೀಚಕನೋ, ಸುಧನ್ವನೋ, ಬಭ್ರುವಾಹನನೋ, ಮೂಲ ಕಥೆಯಲ್ಲಿ ಬಂದು ಹೋಗುವವನಿಗೆ ಇಲ್ಲಿ ರಂಗಸ್ಥಳ ಪೂರ್ತಿ ಸಿಗುತ್ತದೆ. ಗುಣವಂತೆಯ ಕೆರೆಮನೆ ಮೇಳ 1934ರಿಂದ ಆಡುತ್ತಾ ಬಂದಿದೆ, ಜನ ಈಗಲೂ ಬರುತ್ತಾರೆ. ಅಭಿಮನ್ಯು ಚಕ್ರವ್ಯೂಹದಿಂದ ಹೊರಗೆ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಗೊತ್ತಿದ್ದೇ ಕೂರುತ್ತಾರೆ. ಹಿಂದಿನ ಪ್ರಸಂಗ ನೋಡಿಲ್ಲ ಅಂತ ಯಾರೂ ಎದ್ದು ಹೋಗಬೇಕಾಗಿಲ್ಲ, ಬೇಕಾದಷ್ಟನ್ನು ಭಾಗವತರು ಪದ್ಯದಲ್ಲೇ ಹೇಳಿಬಿಡುತ್ತಾರೆ.

ಈ ಕೊನೆಯ ಮಾತೇ ಮುಖ್ಯ. ಇಲ್ಲಿ ತಪ್ಪಿದ ದೊಡ್ಡ ಸರಣಿ ಒಂದಿದೆ, ಕಿಂಗ್ಡಮ್ ಹಾರ್ಟ್ಸ್. ನನಗೆ ತುಂಬಾ ಪ್ರೀತಿಯ ಸರಣಿ, ಅದಕ್ಕೇ ನೋವೂ ಜಾಸ್ತಿ.

ಮೊದಲ ಆಟ 2002ರಲ್ಲಿ ಸೋನಿಯ ಪಿಎಸ್ 2 ಯಂತ್ರಕ್ಕೆ ಬಂತು. ಭಟ್ಕಳದ ಗೆಳೆಯನ ಮನೆಗೆ ಅವನ ಅಪ್ಪ ದುಬೈನಿಂದ ಪಿಎಸ್ 2 ತಂದಿದ್ದರು. ರಜೆಯಲ್ಲಿ ಅಲ್ಲೇ ಕೂತು ಮುಗಿಸಿದೆವು. ಆಮೇಲೆ ಎರಡನೇ ಭಾಗ ಸಿಕ್ಕಿತು. ಹಾಕಿದರೆ ನಾಯಕ ಸೋರಾನೇ ಇಲ್ಲ. ರಾಕ್ಸಸ್ ಅನ್ನುವ ಯಾವನೋ ಹುಡುಗ. ಯಾವುದೋ ಊರು, ಬೇಸಿಗೆ ರಜೆಯ ಕೊನೆಯ ದಿನಗಳು, ಖರ್ಚಿಗೆ ಕಾಸು ಬೇಕು ಅಂತ ಅವನ ಚಿಲ್ಲರೆ ಕೆಲಸಗಳು. ಗಂಟೆಗಟ್ಟಲೆ ಇದೇ. ಕೊನೆಗೆ ಸೋರಾ ಸಿಕ್ಕಾಗ ಅವನು ಗೂಡಿನಂಥ ಒಂದು ಯಂತ್ರದೊಳಗೆ ನಿದ್ದೆ ಮಾಡುತ್ತಿರುತ್ತಾನೆ. ಯಾಕೆ ಮಲಗಿದ, ಯಾರು ಮಲಗಿಸಿದರು? ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಿಡಿ ಅಂಗಡಿಯವನು ಬೇರೆ ಆಟ ಕೊಟ್ಟಿರಬೇಕು ಅಂತ ಗೆಳೆಯ ವಾದಕ್ಕೇ ಇಳಿದ.

ಉತ್ತರ ಇದ್ದದ್ದು ನಿಂಟೆಂಡೊದ ಗೇಮ್ ಬಾಯ್ ಅಡ್ವಾನ್ಸ್‌ಗೆ 2004ರಲ್ಲಿ ಬಂದ ಚೈನ್ ಆಫ್ ಮೆಮರೀಸ್‌ನಲ್ಲಿ. ಸೋರಾನ ನೆನಪುಗಳನ್ನು ಬಿಚ್ಚಿ ಹಾಕುತ್ತಾರೆ, ಅವನ್ನು ಮತ್ತೆ ಜೋಡಿಸಲು ಅವನು ಮಲಗಬೇಕಾಗುತ್ತದೆ. ಎಂಥ ಒಳ್ಳೆ ಕಥೆ! ಆದರೆ ಅದು ಬೇರೆ ಕಂಪನಿಯ ಬೇರೆ ಯಂತ್ರದಲ್ಲಿ. ಅದನ್ನೇ ಪಿಎಸ್ 2ಕ್ಕೆ ಹೊಸದಾಗಿ ಮಾಡಿ ಕೊಟ್ಟದ್ದು 2007ರಲ್ಲಿ, ಅಷ್ಟರಲ್ಲಿ ಎರಡನೇ ಭಾಗ ಬಂದು ಹಳೆಯದಾಗಿತ್ತು. ಮುಂದೆ ಕಥೆಯ ಒಂದು ತುಂಡು ಡಿಎಸ್ ಅನ್ನುವ ಯಂತ್ರಕ್ಕೆ, ಒಂದು ಪಿಎಸ್‌ಪಿಗೆ, ಇನ್ನೊಂದು ತ್ರೀಡಿಎಸ್‌ಗೆ. 2019ರಲ್ಲಿ ಮೂರನೇ ಭಾಗ ಬಂದಾಗ ಒಂದು ಮತ್ತು ಎರಡನ್ನು ಮಾತ್ರ ಆಡಿದವನಿಗೆ ಅರ್ಧ ಪಾತ್ರಗಳ ಗುರುತೇ ಸಿಗುತ್ತಿರಲಿಲ್ಲ. ಒಂದು ಯಂತ್ರ ಕೊಳ್ಳಲಿಕ್ಕೇ ವರ್ಷಗಟ್ಟಲೆ ಕಾಯುವ ಮನೆಗಳ ಮಕ್ಕಳಿಗೆ ಇದು ಅನ್ಯಾಯ, ಬೇರೆ ಪದ ಇಲ್ಲ. ಸ್ಪಿನ್-ಆಫ್ ಅಂದ ಮೇಲೆ ಆಡದೆ ಬಿಡುವ ಹಕ್ಕು ನಮಗಿರಬೇಕು ಅಲ್ವಾ?

ಆಡುವ ರೀತಿಯನ್ನೇ ಬದಲಿಸುವ ಸ್ಪಿನ್-ಆಫ್‌ಗಳಲ್ಲಿ ಈ ತೊಂದರೆ ಇಲ್ಲ. ಹಾರುತ್ತಾ ಓಡುವ ಮಾರಿಯೋ 1992ರಲ್ಲಿ ಕಾರ್ಟ್ ಹತ್ತಿದ. ಮಾರಿಯೋ ಕಾರ್ಟ್ 8 ಡಿಲಕ್ಸ್ ಆರು ಕೋಟಿಗೂ ಹೆಚ್ಚು ಮಾರಾಟವಾಗಿದೆ, ನಿಂಟೆಂಡೊ ಸ್ವಿಚ್ ಯಂತ್ರದಲ್ಲಿ ಅದರಷ್ಟು ಮಾರಿದ ಆಟ ಇನ್ನೊಂದಿಲ್ಲ. ಇದರಿಂದ ಮೂಲ ಮಾರಿಯೋಗೆ ಏಟು ಬಿತ್ತೇ? ಅದು ಬಂದ 2017ರಲ್ಲೇ ಮೂಲ ಸರಣಿಯ ಒಡಿಸ್ಸಿಯೂ ಬಂತು, ಎಷ್ಟು ಚೆಂದದ ಆಟ ಅದು. ಪರ್ಸೋನಾ ಕೂಡ ಮೆಗಾಮಿ ಟೆನ್ಸೇ ಸರಣಿಯ ಕವಲಾಗಿ ಹುಟ್ಟಿದ್ದು. ಈಗ ತಾಯಿಗಿಂತ ಮಗಳ ಹೆಸರೇ ದೊಡ್ಡದು.

ಮೊಬೈಲ್ ಆಟಗಳ ಬಗ್ಗೆ ಪಿಸಿ ಇರುವವರು ಮೂಗು ಮುರಿಯುತ್ತಾರೆ. ಶಿರಸಿ-ಸಿದ್ದಾಪುರದ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಬರುವುದು ಯಾವಾಗಲೋ, ನೆಟ್‌ವರ್ಕ್‌ಗೆ ಗುಡ್ಡ ಹತ್ತಬೇಕು. ಅಲ್ಲಿ ನೂರು ಜಿಬಿ ಆಟ ಇಳಿಸುವ ಮಾತೇ ಇಲ್ಲ. ಅಂಥ ಕಡೆಯ ಹುಡುಗರಿಗೆ 2019ರ ಕಾಲ್ ಆಫ್ ಡ್ಯೂಟಿ ಮೊಬೈಲ್ ಆ ಸರಣಿಯ ಮೊದಲ ಬಾಗಿಲು. ಅದರಲ್ಲಿ ಆಡುವ ಜಾಗಗಳಲ್ಲೊಂದಾದ ನ್ಯೂಕ್‌ಟೌನ್ ಮ್ಯಾಪ್ ಅದೇ ಸರಣಿಯ 2010ರ ಬ್ಲ್ಯಾಕ್ ಆಪ್ಸ್‌ನದು. ನನ್ನ ಅಳಿಯನಿಗೆ ಅದರ ಮೂಲೆ ಮೂಲೆಯೂ ಗೊತ್ತು, ಬ್ಲ್ಯಾಕ್ ಆಪ್ಸ್ ಅವನು ಕಣ್ಣಲ್ಲೂ ಕಂಡಿಲ್ಲ. ಸ್ಪಿನ್-ಆಫ್ ಬೇಡ ಅನ್ನುವ ಅವನೇ ದಿನಾ ಆಡುತ್ತಿರುವುದು ಒಂದು ಸ್ಪಿನ್-ಆಫ್ ಅಂತ ಅವನಿಗೆ ಹೇಳಿದ್ದೇನೆ.

ದುಡ್ಡಿನ ವಿಷಯಕ್ಕೆ ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಮೆಟಲ್ ಗಿಯರ್ ಸರಣಿ ಕಟ್ಟಿದ ಹಿಡಿಯೊ ಕೊಜಿಮಾ 2015ರಲ್ಲಿ ಕೊನಾಮಿ ಕಂಪನಿ ಬಿಟ್ಟ ಮೇಲೆ 2018ರಲ್ಲಿ ಮೆಟಲ್ ಗಿಯರ್ ಸರ್ವೈವ್ ಬಂತು. ಇನ್ನೊಂದು ಸೇವ್ ಸ್ಲಾಟ್, ಅಂದರೆ ಆಟವನ್ನು ಉಳಿಸಿಡುವ ಜಾಗ, ಬೇಕಿದ್ದರೆ ನಿಜವಾದ ದುಡ್ಡು ಕೊಡಬೇಕಿತ್ತು. ಅದರ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ.

ಅಸಾಸಿನ್ಸ್ ಕ್ರೀಡ್‌ನ ಕಥೆ ಬೇರೆ. 2014ರ ನವೆಂಬರ್‌ನಲ್ಲಿ ಯೂನಿಟಿ ಮತ್ತು ರೋಗ್ ಎರಡನ್ನೂ ಒಂದೇ ದಿನ ಬಿಟ್ಟರು. ದೊಡ್ಡ ಆಟ ಯೂನಿಟಿಯಲ್ಲಿ ದೋಷದಿಂದಾಗಿ ಪಾತ್ರಗಳ ಮುಖದ ಚರ್ಮವೇ ಮಾಯವಾಗಿ ಕಣ್ಣು, ಹಲ್ಲು ಮಾತ್ರ ಕಾಣುತ್ತಿದ್ದವು. ಹಳೆ ಯಂತ್ರಗಳಿಗೆ ಅಂತ ಮಾಡಿದ ರೋಗ್‌ನಲ್ಲಿ ಅಸಾಸಿನ್ ಒಬ್ಬ ಶತ್ರುಗಳ ಕಡೆ ಸೇರುತ್ತಾನೆ, ಆ ಕಥೆಗೆ ನಿಜವಾದ ಕಸುವಿತ್ತು, ಕೇಳುವವರೇ ಇರಲಿಲ್ಲ. ಸರಣಿಗೆ ಸುಸ್ತು ಹಿಡಿಸಿದ್ದು ಸ್ಪಿನ್-ಆಫ್ ಅಲ್ಲ, ವರ್ಷಕ್ಕೊಂದು ದೊಡ್ಡ ಆಟ ಬರಲೇಬೇಕು ಅನ್ನುವ ಹಟ. 2016ರಲ್ಲಿ ದೊಡ್ಡ ಆಟ ಬಿಡದೆ ಸುಮ್ನಿದ್ದರು, 2017ರ ಒರಿಜಿನ್ಸ್‌ನಲ್ಲಿ ಚೇತರಿಸಿಕೊಂಡರು.

ಆದರೆ ಆ ಸುಮ್ನಿದ್ದ ವರ್ಷದ ಜನವರಿಯಲ್ಲೇ ಅದೇ ಸರಣಿಯ ಸ್ಪಿನ್-ಆಫ್ ಕ್ರಾನಿಕಲ್ಸ್ ಇಂಡಿಯಾ ಬಂದದ್ದು. 1841ರ ಸಿಖ್ ರಾಜ್ಯ, ಎದುರಿಗೆ ಈಸ್ಟ್ ಇಂಡಿಯಾ ಕಂಪನಿ, ಕೊಹಿನೂರ್ ವಜ್ರ, ನಾಯಕ ಅರ್ಬಾಜ್ ಮೀರ್. ಇಷ್ಟೆಲ್ಲ ಇಟ್ಟುಕೊಂಡು ಪಕ್ಕದಿಂದ ಪಕ್ಕಕ್ಕೆ ಓಡುವ ಒಂದು ಪುಟ್ಟ ಆಟ ಮಾಡಿದರು. ಚಿತ್ರಗಳು ಚೆನ್ನಾಗಿವೆ, ನನಗೆ ಬೇಸರವಿಲ್ಲದೆ ಆಡಿಸಿಕೊಂಡು ಹೋಯಿತು. ಆದರೆ ಒಂದು ಗಲ್ಲಿಗೆ ತಿರುಗಲು ಆಗುವುದಿಲ್ಲ, ಒಂದು ಬಜಾರಿನಲ್ಲಿ ಸುಮ್ನೆ ಅಡ್ಡಾಡಲು ಆಗುವುದಿಲ್ಲ. ಪ್ಯಾರಿಸ್‌ಗೂ ಲಂಡನ್‌ಗೂ ಇಡೀ ಊರು ಕಟ್ಟಿಕೊಟ್ಟವರು ನಮಗೆ ಗೋಡೆಯ ಒಂದು ಮಗ್ಗುಲು ಮಾತ್ರ ತೋರಿಸಿದರು. ಅರ್ಬಾಜ್ ಮೀರ್‌ಗೆ ಒಂದು ದೊಡ್ಡ ಆಟ ಕೊಡಿ ಅಂತ ನಾನು ಅವತ್ತಿನಿಂದ ಸಿಕ್ಕಲ್ಲೆಲ್ಲ ಬರೆಯುತ್ತಿದ್ದೇನೆ, ಇಲ್ಲೂ ಬರೆದಿದ್ದೇನೆ. ನಿಮ್ಮಲ್ಲಿ ಯಾರಾದರೂ ಆಡಿದ್ದರೆ ಕೆಳಗೆ ಹೇಳಿ, ಅದರ ಬಗ್ಗೆ ಕನ್ನಡದಲ್ಲಿ ಮಾತಾಡಲು ನನಗೆ ಇನ್ನೂ ಯಾರೂ ಸಿಕ್ಕಿಲ್ಲ.