ಹಳೇ ಗಾಡಿಗೆ ಬೇರೆ ಫ್ರೇಮ್ ಹಾಕಿಸುವ ಮೊದಲು

ಮಳೆ ಕಡಿಮೆಯಾಗುತ್ತಿದ್ದ ಹಾಗೆ ಕೊಡಗಿನ ಶೆಡ್‌ಗಳಿಂದ ಹಳೇ ಗಾಡಿಗಳು ಹೊರಗೆ ಬರುತ್ತವೆ. ಅಜ್ಜನ ಜಾವಾ, ಅಪ್ಪನ ಚೇತಕ್, ಮಿಲಿಟರಿಯಿಂದ ರಿಟೈರ್ ಆಗಿ ಬಂದ ದೊಡ್ಡಪ್ಪ ತಗೊಂಡ ಬುಲೆಟ್. ಟಾರ್ಪಾಲ್ ಎತ್ತಿ ನೋಡಿದರೆ ಎಂಜಿನ್ ಪರವಾಗಿಲ್ಲ, ಫ್ರೇಮ್ ತುಕ್ಕು ಹಿಡಿದು ಹೋಗಿರುತ್ತದೆ. ನಮ್ಮ ಮಳೆ, ನಮ್ಮ ತಂಡಿ, ಇನ್ನೇನಾಗುತ್ತದೆ? ಆಮೇಲೆ ನನಗೆ ಫೋನ್ ಬರುತ್ತದೆ. ಗುಜರಿಯಲ್ಲಿ ಒಳ್ಳೇ ಫ್ರೇಮ್ ಒಂದಿದೆಯಂತೆ, ಹಾಕಿಸಿಬಿಡಲಾ ಅಂತ. ತುಂಬಾ ಜನ ಕೇಳುತ್ತಿರುವುದರಿಂದ ಒಂದೇ ಸಲ ಇಲ್ಲಿ ಬರೆಯುತ್ತಿದ್ದೇನೆ.

ಹಾಕಿಸಬೇಡಿ. ಹಾಕಿಸಿ, ಅದರ ಮೇಲೆ ನಿಮ್ಮ ಹಳೇ ಫ್ರೇಮ್‌ನ ನಂಬರ್ ಪಂಚ್ ಮಾಡಿಸುವುದಂತೂ ಬೇಡವೇ ಬೇಡ.

ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತದೆ, ಚಾಸಿ ನಂಬರ್, ಅಂದರೆ ಫ್ರೇಮ್ ಮೇಲೆ ಹೊಡೆದಿರುವ ನಂಬರ್, ಇರುತ್ತದೆ. ನಾವು ಎರಡನ್ನೂ ಒಂದೇ ಥರ ನೋಡುತ್ತೇವೆ. ಕಾನೂನು ಹಾಗೆ ನೋಡುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತೆಗೆದು ಓದಿ. ಎಂಜಿನ್ ಬದಲಿಸಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಶುಲ್ಕ ಕಟ್ಟಿ, ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು ಅಂತ ಅಲ್ಲಿ ದಾರಿ ಇದೆ. ಫ್ರೇಮ್ ಅಂತ ಹೆಸರು ಹಿಡಿದು ಅಂಥ ದಾರಿ ಇಲ್ಲ. 55ನೇ ಸೆಕ್ಷನ್‌ಗೆ ಬಂದರೆ, ಗಾಡಿ ಮೇಲಿರುವ ನಂಬರ್ ಆರ್‌ಸಿಯಲ್ಲಿರುವ ನಂಬರ್‌ಗಿಂತ ಬೇರೆ ಆಗಿದ್ದರೆ, ಮಾಲೀಕನ ಮಾತು ಕೇಳಿ ನೋಂದಣಿಯನ್ನೇ ರದ್ದು ಮಾಡಬಹುದು. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ, ಅನುಮತಿ ಇಲ್ಲದೆ ಗಾಡಿ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಅದೇ ವರ್ಷ ಜನವರಿಯಲ್ಲಿ, ನಮ್ಮ ಪಕ್ಕದ ಕೇರಳದಿಂದ ಹೋದ ಕೇಸಿನಲ್ಲಿ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು.

"ಇದು ನನ್ನ ಮನೆ ಗಾಡಿ, ನಾನೇನು ಕದ್ದು ತಂದಿದ್ದೀನಾ?" ಅಂತ ಸಿಟ್ಟು ಬರುವುದು ಸಹಜ. ಆದರೆ ಗುಜರಿಯಲ್ಲಿ ಬಿದ್ದಿರುವ ಆ ಫ್ರೇಮ್ ಯಾರದ್ದು ಅಂತ ನಿಮಗೆ ಗೊತ್ತಾ? ಮಾರುವವನಿಗೂ ಗೊತ್ತಿರುವುದಿಲ್ಲ. ಕಳವಾದ ಗಾಡಿಯನ್ನು ಬಿಚ್ಚಿ ಭಾಗ ಭಾಗ ಮಾಡಿ ಮಾರಿದರೆ ಆ ಫ್ರೇಮ್ ಯಾರದ್ದು ಅಂತ ಹೇಳಲು ಉಳಿಯುವ ಗುರುತು ಅದರ ಮೇಲಿನ ನಂಬರ್ ಒಂದೇ. ಅದನ್ನು ಉಜ್ಜಿ ತೆಗೆದು ನಿಮ್ಮ ನಂಬರ್ ಹೊಡೆದರೆ, ಇನ್ನೊಬ್ಬರ ಕಳವಾದ ಗಾಡಿಯ ಗುರುತನ್ನು ಅಳಿಸಿದ ಹಾಗೆ. ನಿಮ್ಮ ಮನಸ್ಸಿನಲ್ಲಿ ಅಜ್ಜನ ನೆನಪು ಇರಬಹುದು, ಪೊಲೀಸರ ಕಣ್ಣಿಗೆ ಬೀಳುವುದು ತಿದ್ದಿದ ನಂಬರ್.

ನಮ್ಮ ಪರಿಚಯದ ಹುಡುಗನೊಬ್ಬ ಹೊರಗಿನ ಜಿಲ್ಲೆಯಿಂದ ಒಂದು ಯೆಜ್ಡಿ ತಂದಿದ್ದ. ಚೆರಿ ಕೆಂಪು ಬಣ್ಣ, ಕ್ರೋಮ್ ಹೊಳೆಯುತ್ತಿತ್ತು, ಸೈಲೆನ್ಸರ್ ಸದ್ದು ಕೇಳಿದರೆ ಯಾರಾದರೂ ತಿರುಗಿ ನೋಡಬೇಕು. ಆರ್‌ಸಿ ರಿನ್ಯೂವಲ್‌ಗೆ ಹೋದಾಗ ಬ್ರೇಕ್ ಇನ್‌ಸ್ಪೆಕ್ಟರ್ ಪೆನ್ಸಿಲ್ ಪ್ರಿಂಟ್ ತೆಗೆದರು. ಹ್ಯಾಂಡಲ್ ಕೂತಿರುವ ಕೊಳವೆ ಹತ್ತಿರ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ, ಅಕ್ಷರಗಳ ಜೊತೆಗೆ ಒಂದು ಚೌಕದ ಗೆರೆಯೂ ಮೂಡಿತು. ಅವರು ಬಣ್ಣ ಸ್ವಲ್ಪ ಕೆರೆದರು. ಕೆಳಗೆ ವೆಲ್ಡಿಂಗ್ ಸಾಲು. ಹಳೇ ಫ್ರೇಮ್‌ನಿಂದ ನಂಬರ್ ಇರುವ ತುಂಡನ್ನು ಕತ್ತರಿಸಿ, ಇನ್ನೊಂದು ಫ್ರೇಮ್‌ಗೆ ಕೂರಿಸಿ, ಪುಟ್ಟಿ ಹಚ್ಚಿ, ಮೇಲೆ ಬಣ್ಣ ಹೊಡೆದಿದ್ದರು. ನಂಬರ್ ನಿಜವಾದದ್ದೇ, ಆರ್‌ಸಿಯೂ ನಿಜವಾದದ್ದೇ, ಗಾಡಿ ಮಾತ್ರ ಬೇರೆ. ಈ ಕೆಲಸ ಮಾಡಿದ್ದು ಅವನಲ್ಲ, ಆದರೂ ಉತ್ತರ ಹೇಳಬೇಕಾಗಿ ಬಂದದ್ದು ಅವನು. ಗಾಡಿ ಈಗಲೂ ರಸ್ತೆಗೆ ಇಳಿದಿಲ್ಲ. ನನಗೆ ತುಂಬಾ ಬೇಜಾರಾದದ್ದು ಅಂದರೆ ಅವನು ಅದಕ್ಕೆ ಕೊಟ್ಟ ದುಡ್ಡು ಕಾಫಿ ಕೆಲಸದಲ್ಲಿ ಕೂಡಿಟ್ಟದ್ದು.

ಹಾಗಾಗಿ ಹಳೇ ಗಾಡಿ ಕೊಳ್ಳುವವರು ಮೊದಲು ಬಣ್ಣ, ಕ್ರೋಮ್ ನೋಡಬೇಡಿ. ನಂಬರ್ ನೋಡಿ. ಅಂಕಿಗಳ ನಡುವಿನ ಅಂತರ ಏರುಪೇರು ಇದೆಯಾ, ಒಂದು ಅಂಕಿ ಆಳ ಒಂದು ತೇಲಿಕೆ ಇದೆಯಾ, ಸುತ್ತಮುತ್ತ ಗ್ರೈಂಡಿಂಗ್ ಮಾಡಿದ ಗೀರು ಇದೆಯಾ, ಆ ಜಾಗದಲ್ಲಿ ಮಾತ್ರ ಬಣ್ಣ ದಪ್ಪ ಇದೆಯಾ. ಒಂದು ಸಣ್ಣ ಟಾರ್ಚ್ ಸಾಕು.

ಇನ್ನು ವಿಂಟೇಜ್ ನೋಂದಣಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದಕ್ಕೇ ಅಂತ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿ ಆಗಿರಬೇಕು. ಹೊಸದಾಗಿ ನೋಂದಣಿ ಮಾಡಿಸಿದರೆ 'ವಿಎ' ಅಕ್ಷರ ಇರುವ ನಂಬರ್, 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ದಿನಾ ಓಡಿಸುವ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ. ಜನ ಈ ಶುಲ್ಕದ ಬಗ್ಗೆ ಮಾತಾಡುತ್ತಾರೆ, ಮುಖ್ಯವಾದ ಸಾಲನ್ನು ಬಿಡುತ್ತಾರೆ. ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ ಶೆಲ್ ಅಥವಾ ಎಂಜಿನ್‌ನಲ್ಲಿ ಮಾರ್ಪಾಡು ಆಗಿರಬಾರದು ಅಂತ ಅಲ್ಲೇ ಇದೆ. ಅಂದರೆ ಇವತ್ತು ಫ್ರೇಮ್ ಬದಲಿಸಿದರೆ ಮುಂದೆ ಆ ಬಾಗಿಲೂ ಮುಚ್ಚಿತು. 1978ರ ಯೆಜ್ಡಿ ರೋಡ್‌ಕಿಂಗ್‌ಗೆ 50 ತುಂಬುವುದು 2028ಕ್ಕೆ. ಅಷ್ಟು ದಿನ ಕಾದು, ಆ ಹೊತ್ತಿಗೆ ಫ್ರೇಮ್ ಬೇರೆ ಅಂದರೆ ಏನು ಬಂತು?

ಹಾಗಾದರೆ ತುಕ್ಕು ತಿಂದ ಫ್ರೇಮ್ ಏನು ಮಾಡುವುದು? ರಿಪೇರಿ ಮಾಡಿ. ನಾವು 'ಹೋಯ್ತು' ಅಂದುಕೊಂಡ ಎಷ್ಟೋ ಫ್ರೇಮ್‌ಗಳು ನಿಜವಾಗಿ ಹೋಗಿರುವುದಿಲ್ಲ. ಚೇತಕ್‌ನಲ್ಲಿ ಪ್ರತ್ಯೇಕ ಫ್ರೇಮ್ ಅನ್ನುವುದೇ ಇಲ್ಲ, ತಗಡಿನ ಬಾಡಿಯೇ ಅದರ ಫ್ರೇಮ್. ಕಾಲಿಡುವ ಜಾಗದ ರಬ್ಬರ್ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಒತ್ತಿದರೆ ಸೀದಾ ಆಚೆ ಹೋಗುತ್ತದೆ, ನೋಡಿದವರಿಗೆ ಎದೆ ಧಸಕ್ ಅನ್ನುತ್ತದೆ. ಆದರೆ ಕೊಳೆತ ಭಾಗವನ್ನಷ್ಟೇ ಕತ್ತರಿಸಿ, ಅದೇ ದಪ್ಪದ ತಗಡು ತಂದು, ಅದೇ ಆಕಾರಕ್ಕೆ ಬಗ್ಗಿಸಿ ವೆಲ್ಡ್ ಮಾಡುವ ಟಿಂಕರ್‌ಗಳು ಇನ್ನೂ ಇದ್ದಾರೆ. ನಂಬರ್ ಇರುವ ಭಾಗ ಹಾಗೇ ಉಳಿಯುತ್ತದೆ. ಸ್ಯಾಂಡ್ ಬ್ಲಾಸ್ಟಿಂಗ್‌ಗೆ (ಮರಳು ಹಾರಿಸಿ ತುಕ್ಕು ತೆಗೆಯುವುದಕ್ಕೆ) ಕೊಡುವ ಮೊದಲು ನಂಬರ್ ಮೇಲೆ ಗಟ್ಟಿ ಟೇಪ್ ಸುತ್ತಿಸಿ, ಫೋಟೋ ತೆಗೆದು, ಪೆನ್ಸಿಲ್ ಪ್ರಿಂಟ್ ಒಂದು ತೆಗೆದಿಟ್ಟುಕೊಳ್ಳಿ. ಪೌಡರ್ ಕೋಟಿಂಗ್ ದಪ್ಪಗೆ ಹೊಡೆದರೆ ಅಂಕಿಗಳೇ ಮುಚ್ಚಿಹೋಗುತ್ತವೆ, ಆಮೇಲೆ ಆರ್‌ಟಿಒದಲ್ಲಿ ಕೆರೆಯುತ್ತಾ ನಿಲ್ಲಬೇಕು. ಟಿಂಕರಿಂಗ್‌ಗೆ ಹೊಸ ಫ್ರೇಮ್‌ಗಿಂತ ಜಾಸ್ತಿ ದುಡ್ಡು ಹೋಗಬಹುದು. ಹೋಗಲಿ. ಗಾಡಿ ನಿಮ್ಮದಾಗಿಯೇ ಉಳಿಯುತ್ತದೆ ಅಲ್ವಾ?

ಫ್ರೇಮ್ ನಿಜವಾಗಲೂ ಮುಗಿದೇ ಹೋಗಿದ್ದರೆ ಇರುವ ಸರಿಯಾದ ದಾರಿ ಇದು. ಆರ್‌ಸಿ ಇರುವ, ನಂಬರ್ ಆ ಆರ್‌ಸಿಗೆ ತಾಳೆಯಾಗುವ ಇನ್ನೊಂದು ಗಾಡಿಯ ಫ್ರೇಮ್ ತಗೊಳ್ಳಿ. ಆ ಗಾಡಿಯ ಆರ್‌ಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿ. ಮಾಕುಟ್ಟ ದಾಟಿ ಇರಿಟ್ಟಿ ಕಡೆಯಿಂದಲೋ, ಕುಟ್ಟ ದಾಟಿ ವಯನಾಡಿನಿಂದಲೋ ತಂದರೆ ಅಲ್ಲಿನ ಆರ್‌ಟಿಒ ಎನ್ಒಸಿ ಬೇಕೇ ಬೇಕು. ಆಮೇಲೆ ನಿಮ್ಮ ಅಜ್ಜನ ಎಂಜಿನ್ ಅದಕ್ಕೆ ಕೂರಿಸುವುದಾದರೆ ಮೊದಲೇ ಹೇಳಿದ ಹಾಗೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಿ, ಹಳೇ ಆರ್‌ಸಿ ಒಪ್ಪಿಸಿ ರದ್ದು ಮಾಡಿಸಿ. ಎಂವೈ, ಎಂಇ ಅಂತ ಶುರುವಾಗುವ ಹಳೇ ನೋಂದಣಿ ನಂಬರ್ ಕೈಬಿಟ್ಟು ಹೋಗುತ್ತದೆ. ಅದು ನೋವಿನ ವಿಷಯ, ನನಗೆ ಗೊತ್ತು.

ಈ ನೋವು ತಪ್ಪಿಸಬಹುದು ಅನ್ನುವುದೇ ನನ್ನ ವಾದ. ಈಗ ತಯಾರಾಗುತ್ತಿರುವ ಗಾಡಿ ಅಪಘಾತವಾದರೆ ಕಂಪನಿ ಬಿಲ್ ಸಮೇತ ಹೊಸ ಫ್ರೇಮ್ ಕೊಡುತ್ತದೆ, ಕೈಯಲ್ಲಿ ಕಾಗದ ಇದ್ದರೆ ಆರ್‌ಟಿಒ ಅನುಮತಿ ಕೇಳಬಹುದು. ಜಾವಾ ಇರುವವರು ಯಾರನ್ನು ಕೇಳಬೇಕು? ಮೈಸೂರಿನ ಐಡಿಯಲ್ ಜಾವಾ 1996ರಲ್ಲೇ ಬಾಗಿಲು ಹಾಕಿತು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆ ಶೆಡ್ ಸಮೇತ ಮಣ್ಣಿಗೆ ಹೋದಾಗ ಅಗೆದು ತೆಗೆದ ಗಾಡಿಗಳ ಫ್ರೇಮ್ ಡೊಂಕಾಗಿದ್ದರೆ ಅದು ಮಾಲೀಕನ ತಪ್ಪಾ? ಎಂಜಿನ್‌ಗೆ ಇರುವಂಥ ದಾರಿ ಫ್ರೇಮ್‌ಗೂ ಬೇಕು. ಹಳೇ ಫ್ರೇಮ್ ತಂದು ಒಪ್ಪಿಸಲಿ, ಇನ್‌ಸ್ಪೆಕ್ಟರ್ ಎದುರಿಗೇ ಅದನ್ನು ಕತ್ತರಿಸಲಿ, ಬದಲಿ ಫ್ರೇಮ್‌ನ ನಂಬರನ್ನು ಕಳವಾದ ಗಾಡಿಗಳ ಪಟ್ಟಿಯಲ್ಲಿ ನೋಡಲಿ, 'ಫ್ರೇಮ್ ಬದಲಾಗಿದೆ' ಅಂತ ಆರ್‌ಸಿಯಲ್ಲಿ ಬರೆಯಲಿ. ಹೀಗೆ ಮಾಡಿದರೆ ಕಳ್ಳನಿಗೆ ಲಾಭ ಇಲ್ಲ, ಪ್ರಾಮಾಣಿಕವಾಗಿ ಹೋದವನಿಗೆ ನಷ್ಟ ಇಲ್ಲ.

ನಿಯಮ ಕೇಂದ್ರದ್ದು, ಹಾಗಾಗಿ ಮಡಿಕೇರಿ ಆರ್‌ಟಿಒ ಮೇಲೆ ರೇಗಿ ಪ್ರಯೋಜನ ಇಲ್ಲ. ರಸ್ತೆ ಸಾರಿಗೆ ಸಚಿವಾಲಯಕ್ಕೆ ಮನವಿ ಬರೆಯುತ್ತಿದ್ದೇನೆ, ನಮ್ಮ ಸಂಸದರಿಗೂ ಒಂದು ಪ್ರತಿ ಕೊಡುತ್ತೇನೆ. ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ, ಕುಶಾಲನಗರ ಕಡೆ ಹಳೇ ಗಾಡಿ ಇಟ್ಟುಕೊಂಡವರು ಸಹಿ ಹಾಕುವುದಾದರೆ ಮೆಸೇಜ್ ಮಾಡಿ. ಆರ್‌ಸಿ ಜೆರಾಕ್ಸ್ ಒಂದು ಜೊತೆಗಿರಲಿ.